ರಾಯರ ವಾಕಿಂಗು, ಬೀದಿಯವರ ಶಕುನ

ಮಕ್ಕಳನ್ನು ಓಡಿಸಲು ಒಂದು ಸೀಟಿ ಸಾಕು. ದೊಡ್ಡವರನ್ನು ನಡೆಸಲು ಏನು ಬೇಕು ಎನ್ನುವುದು ಮಾತ್ರ, ಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ತಲೆ ನರೆಯುವವರೆಗೂ ನನಗೆ ಪೂರ್ತಿ ತಿಳಿಯಲಿಲ್ಲ. ಹೊಟ್ಟೆ ಬಂದವರು, ಸೊಂಟ ಹಿಡಿದವರು, ಡಾಕ್ಟರ ಹತ್ತಿರ ಬೈಸಿಕೊಂಡವರು ಎಲ್ಲರೂ ನೆಟ್ಟಗೆ ನಮ್ಮ ಮನೆಗೆ ಬರುತ್ತಿದ್ದರು. ಬರಿಗೈಯಲ್ಲಿ ಬಂದವರು ಹೋಗುವಾಗ ನನಗೊಂದು ನಗುವ ಪ್ರಸಂಗ ಕೊಟ್ಟು ಹೋಗುತ್ತಿದ್ದರು. ಅಂಥವು ಎಷ್ಟೋ ಇವೆ. ಆದರೆ ಒಬ್ಬರ ಸುತ್ತ ನಡೆದವೇ ಒಂದು ಸರವಾಗುವಷ್ಟಿವೆ, ಅವನ್ನೇ ಹೇಳುತ್ತೇನೆ.

ಐವತ್ತರ ದಶಕದ ಮಾತು. ರಾಜಾಜಿನಗರದ ಮನೆಗಳಿಗೆ ಬಳಿದ ಸುಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ. ನಮ್ಮ ಬೀದಿಯ ಕೊನೆಯ ಮನೆ ದಾಟಿದರೆ ರಾಗಿ ಹೊಲ. ಈಗ ವಿಜಯನಗರ, ಬಸವೇಶ್ವರನಗರ ಎಂದು ಬಸ್ಸಿನ ಬೋರ್ಡಿನಲ್ಲಿ ಓದುವ ಜಾಗವೆಲ್ಲ ಆಗ ಹೊಲ, ಹುಣಸೆಮರ, ಕೆರೆಯ ಏರಿ. ನಡೆಯುವವರಿಗೆ ಅಡ್ಡ ಬರುವಂಥದ್ದು ಏನೂ ಇರಲಿಲ್ಲ. ಆದರೂ ಯಾರೂ ನಡೆಯುತ್ತಿರಲಿಲ್ಲ. ಯಾಕೆ? ಮನುಷ್ಯ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದು ಯಾವುದರಿಂದ? ಇದು ನನ್ನ ತಲೆಯಲ್ಲಿ ಹೊಕ್ಕ ಹುಳ. ಕುತೂಹಲ ನನಗೆ ಹುಟ್ಟಿನಿಂದ ಬಂದ ಚಟ, ನಶ್ಯದ ಹಾಗೆ ಬಿಡಲಾರೆ.

ಬದಲಿಗೆ ಪುರೋಹಿತರು

ಪಕ್ಕದ ಮನೆಯವರು ಸರ್ಕಾರಿ ಕಛೇರಿಯಲ್ಲಿ ಹೆಡ್ ಗುಮಾಸ್ತರು. ಬೀದಿಗೆಲ್ಲ ಅವರು ‘ರಾಯರು’. ಹೊಟ್ಟೆ ಮುಂದೆ, ಅವರು ಹಿಂದೆ. ಆಫೀಸಿಗೆ ಬಸ್ಸು, ಮನೆಗೆ ಬಂದರೆ ಆರಾಮ ಕುರ್ಚಿ. ಕುರ್ಚಿಯಿಂದ ಎದ್ದರೆ ಅದು ಊಟಕ್ಕೆ.

ಒಂದು ದಿನ ರಾಯರ ಹೆಂಡತಿ ನಮ್ಮ ಬಾಗಿಲಿಗೆ ಬಂದರು. “ಮೇಷ್ಟ್ರೇ, ಇವರನ್ನ ಒಂದ್ಸಲ ಡಾಕ್ಟ್ರ ಹತ್ರ ಕರ್ಕೊಂಡು ಹೋಗಿ. ಕೊಡಗಟ್ಲೆ ನೀರು ಕುಡೀತಾರೆ. ಕಾಲು ಜೋಮು ಅಂತಾರೆ. ನಮ್ಮಪ್ಪಂಗೂ ಹೀಗೇ ಶುರುವಾಗಿದ್ದು” ಎಂದರು. ಅವರಪ್ಪ ಆ ಕಾಯಿಲೆಯಲ್ಲೇ, ರಾಯರ ಈಗಿನ ವಯಸ್ಸಿನಲ್ಲೇ ತೀರಿಕೊಂಡಿದ್ದು ನನಗೆ ಗೊತ್ತಿತ್ತು.

ಕರೆದುಕೊಂಡು ಹೋದೆ. ಡಾಕ್ಟರು ಗಾಜಿನ ಕೊಳವೆಯಲ್ಲಿ ನೀಲಿ ಔಷಧಿ ಹಾಕಿ, ರಾಯರ ಮೂತ್ರದ ನಾಲ್ಕು ಹನಿ ಬಿಟ್ಟು, ದೀಪದ ಮೇಲೆ ಕಾಯಿಸಿದರು. ನೀಲಿ ಇದ್ದದ್ದು ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆ ಕೆಂಪಾಯಿತು. “ಸಕ್ಕರೆ ಕಾಯಿಲೆ ರಾಯರೇ. ನೀಲಿಯಾಗೇ ಉಳಿದಿದ್ರೆ ಒಳ್ಳೇದಿತ್ತು. ಅನ್ನ ಕಮ್ಮಿ ಮಾಡಿ. ದಿನಾ ಬೆಳಿಗ್ಗೆ ನಡೀರಿ, ಮೈ ಬೆವರಬೇಕು. ಒಂದು ದಿನ ಎರಡು ದಿನ ಅಲ್ಲ, ಇರೋವರೆಗೂ ನಡೀಬೇಕು” ಎಂದರು.

ರಾಯರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. “ದಿನಾ ನಾನೇ ನಡೀಬೇಕಾ ಡಾಕ್ಟ್ರೇ?”

“ಮತ್ತಿನ್ಯಾರು?”

“ಅಲ್ಲ, ಹೋದ ವರ್ಷ ಶನಿಕಾಟಕ್ಕೆ ಜಪ ಆಗ್ಬೇಕು ಅಂದ್ರು. ನಮ್ಮ ಪುರೋಹಿತರು ನನ್ನ ಹೆಸರು, ಗೋತ್ರ, ನಕ್ಷತ್ರ ಹೇಳಿ ಸಂಕಲ್ಪ ಮಾಡಿ ಅಷ್ಟೂ ಜಪ ಅವರೇ ಮುಗಿಸಿದ್ರು. ಫಲ ನನಗೇ ಬಂತು. ಹಾಗೇ ನನ್ನ ಹೆಸರಲ್ಲಿ ಸಂಕಲ್ಪ ಮಾಡಿ ಅವರೇ ದಿನಾ ನಡೆದ್ರೆ...”

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ನಡೆಸಿ ರಾಯರೇ, ಅಡ್ಡಿಯಿಲ್ಲ. ಸಕ್ಕರೆ ಮಾತ್ರ ಪುರೋಹಿತರದ್ದೇ ಇಳಿಯುತ್ತೆ.”

ಎಲ್ಲಿಗೆ?

ನಮ್ಮ ಕಡೆ ಮನೆಯಿಂದ ಹೊರಟವರನ್ನು ‘ಎಲ್ಲಿಗೆ?’ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಟ್ಟಿತು ಎಂದೇ ಲೆಕ್ಕ. ತಿಳಿಯಲೇಬೇಕೆಂದರೆ ‘ದೂರ ಹೊರಟ್ರಾ?’ ಎಂದು ಸುತ್ತಿ ಬಳಸಿ ಕೇಳುತ್ತೇವೆ. ಬಾಯಿತಪ್ಪಿ ಯಾರಾದರೂ ಕೇಳಿಬಿಟ್ಟರೆ ಹೊರಟವರು ವಾಪಸು ಬಂದು, ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು. ಬೆಕ್ಕು ಅಡ್ಡ ಬಂದರೂ, ಯಾರಾದರೂ ಒಂಟಿ ಸೀನು ಸೀನಿದರೂ, ಖಾಲಿ ಕೊಡವೋ ಎಣ್ಣೆಯವನೋ ಎದುರಾದರೂ ಇದೇ ಶಾಸ್ತ್ರ.

ಮೊದಲ ದಿನ ಬೆಳಕು ಹರಿಯುವ ಮೊದಲೇ ನಾನು ರಾಯರ ಗೇಟಿನಲ್ಲಿ ನಿಂತಿದ್ದೆ. ರಾಯರು ಕೋಟು, ಮಫ್ಲರು, ಕ್ಯಾನ್ವಾಸ್ ಷೂಸು, ಕೈಯಲ್ಲಿ ಕೊಡೆ, ಎಲ್ಲ ಸಜ್ಜಾಗಿ ಹೊಸಿಲು ದಾಟಿದರು. ಆ ಹೊತ್ತಿಗೆ ಸರಿಯಾಗಿ ಹಾಲಿನ ಗೌಡ ಹಸು ಹೊಡೆದುಕೊಂಡು ಬಂದ. ಹತ್ತಿರದ ಹಳ್ಳಿಯವನು, ಹಸುವನ್ನು ಮನೆ ಬಾಗಿಲಿಗೇ ತಂದು ಎದುರಿಗೆ ಹಾಲು ಕರೆದುಕೊಡುತ್ತಿದ್ದ. ಅಷ್ಟು ಬೆಳಿಗ್ಗೆ ರಾಯರನ್ನು ನಿಂತ ಭಂಗಿಯಲ್ಲಿ ಅವನು ಎಂದೂ ಕಂಡವನಲ್ಲ. ಗಾಬರಿಯಿಂದ ಕೇಳಿಯೇಬಿಟ್ಟ: “ಎತ್ಲಾಗ್ ಹೊಂಟ್ರಿ ಸ್ವಾಮಿ, ಇಷ್ಟೊತ್ಗೇ?”

ರಾಯರ ಮುಖ ನೋಡಿದೆ. ಬೇಸರವಿರಲಿಲ್ಲ. ಮಳೆ ಬಂದು ಸ್ಕೂಲಿಗೆ ರಜಾ ಕೊಟ್ಟಾಗ ನಮ್ಮ ಹುಡುಗರ ಮುಖ ಹೇಗಿರುತ್ತದೋ ಹಾಗಿತ್ತು. “ನೋಡಿದ್ರಾ ಮೇಷ್ಟ್ರೇ” ಎಂದು ಒಳಗೆ ಹೋದರು. ಕೂತರು. ನೀರು ಕುಡಿದರು. ಕೂತಲ್ಲೇ ಒರಗಿದರು. ಬೆಳಗಿನ ಪಾಳಿಗೆ ಬಟ್ಟೆ ಗಿರಣಿಯ ಸಿಳ್ಳೆ ಕೂಗುವವರೆಗೂ ನಾನು ಗೇಟಿನಲ್ಲೇ ನಿಂತು ಅವರ ಗೊರಕೆ ಕೇಳಿದೆ.

ಮರುದಿನ ಬೆಕ್ಕು. ಅದರ ಮರುದಿನ ನಾನೇ. ಮಂಜಿನಲ್ಲಿ ಕಾದು ಕಾದು ಮೂಗು ಕೆರಳಿ, ಅವರು ಮೆಟ್ಟಿಲಿಳಿಯುವಾಗ ಒಂದು ಸೀನು ಬಂದೇಬಿಟ್ಟಿತು. ಎರಡನೆಯದಕ್ಕಾಗಿ ಮೂಗು ತಿಕ್ಕಿದೆ, ಬರಲಿಲ್ಲ. “ಹೊರಗಿನವರು ಅಡ್ಡಿ ಮಾಡಿದ್ರೆ ತಡ್ಕೋಬಹುದು, ನೀವೇ ಹೀಗೆ ಮಾಡಿದ್ರೆ?” ಎಂದು ನೊಂದುಕೊಂಡು ರಾಯರು ಒಳಗೆ ಹೋಗಿ ಮಲಗಿದರು.

ನನ್ನ ಕುತೂಹಲ ಕೆರಳಿತು. ಅವತ್ತು ರಜಾ ಹಾಕಿ, ಅವರು ಆಫೀಸಿಗೆ ಹೊರಡುವುದನ್ನು ಜಗುಲಿಯಲ್ಲಿ ಕೂತು ನೋಡಿದೆ. ಅದೇ ಬೆಕ್ಕು ಅಡ್ಡ ಬಂತು. ಎಣ್ಣೆ ಮಾರುವವನು ಡಬ್ಬ ಹೊತ್ತು ಎದುರಾದ. ಬೀದಿ ತುದಿಯ ಅಜ್ಜಿ “ಎಲ್ಲಿಗಪ್ಪಾ?” ಎಂದು ಕೇಳಿದರು. ರಾಯರು ಯಾವುದಕ್ಕೂ ತಿರುಗಿ ನೋಡದೆ ನೆಟ್ಟಗೆ ಹೋಗಿ ಬಸ್ಸು ಹತ್ತಿದರು.

ಸಂಜೆ ಕೇಳಿದೆ: “ಯಾಕೆ ರಾಯರೇ, ಆಫೀಸಿಗೆ ಹೋಗುವಾಗ ಶಕುನ ನೋಡಲ್ವಾ?”

“ಆಫೀಸಿಗೆ ಹೋಗೋದೇ ಅಪಶಕುನ ಮೇಷ್ಟ್ರೇ. ಅದಕ್ಕೆ ಬೆಕ್ಕು ಇನ್ನೇನು ಮಾಡೀತು?”

ಇಂಥ ಶಕುನ ಎಲ್ಲಿ ಸಿಗುತ್ತೆ

ನಮ್ಮನೆಯವಳು ಇದನ್ನೆಲ್ಲ ಬೀದಿ ನಲ್ಲಿಯ ಹತ್ತಿರ ಹೇಳಿದಳು. ನಲ್ಲಿಕಟ್ಟೆಯೇ ನಮ್ಮ ಬೀದಿಯ ವಿಧಾನಸಭೆ. ಎದುರು ಮನೆಯ ಬಸ್ ಕಂಡಕ್ಟರ ಹೆಂಡತಿ, ಅದರ ಪಕ್ಕದ ಟೈಲರ ಹೆಂಡತಿ, ಹಾಲಿನ ಗೌಡ ಎಲ್ಲರೂ ಕೂಡಿ ಒಂದು ತೀರ್ಮಾನಕ್ಕೆ ಬಂದರು. ರಾಯರ ನಂಬಿಕೆಯ ಜೊತೆ ಜಗಳ ಬೇಡ. ಅವರಿಗೆ ಶಕುನ ತಾನೇ ಬೇಕು? ಕೊಡೋಣ.

“ನಾನಂತೂ ಬಾಯೇ ಬಿಡಾಕಿಲ್ಲ ಕಣವ್ವ” ಎಂದು ಗೌಡ ಹಸುವಿನ ಕೊಂಬು ಮುಟ್ಟಿ ಮಾತು ಕೊಟ್ಟ. ಬೆಕ್ಕನ್ನು ಕಂಡಕ್ಟರ ಅಡಿಗೆಮನೆಯಲ್ಲಿ ಹಾಲಿಟ್ಟು ಕೂಡಿಹಾಕುವುದೆಂದಾಯಿತು. ನಲ್ಲಿಯಲ್ಲಿ ಅಷ್ಟು ಬೇಗ ನೀರು ಬರುತ್ತಿರಲಿಲ್ಲ. ನಮ್ಮನೆಯವಳು ಹಂಡೆಯ ನೀರನ್ನೇ ಹಿತ್ತಾಳೆ ಕೊಡಕ್ಕೆ ತುಂಬಿಸಿಟ್ಟುಕೊಂಡಳು.

ರಾಯರು ಬಾಗಿಲು ತೆರೆದರು. ಎದುರಿಗೆ ನಮ್ಮನೆಯವಳು, ಹಣೆತುಂಬ ಕುಂಕುಮ, ಸೊಂಟದಲ್ಲಿ ತುಂಬಿದ ಕೊಡ. ಅವಳ ಹಿಂದೆ ಕಂಡಕ್ಟರ ಹೆಂಡತಿ, ಬುಟ್ಟಿ ತುಂಬ ಸೇವಂತಿಗೆ. ಬಲಗಡೆಯಿಂದ ಟೈಲರು ಬಾಳೆಹಣ್ಣಿನ ಗೊನೆ ಹೊತ್ತು ಬಂದರು. ಎಡಗಡೆಯಿಂದ ಗೌಡ, ಹಸು, ಕರು. ಒಬ್ಬೊಬ್ಬರಾಗಿ ಬರಬೇಕು ಎಂದು ನಾನು ಹೇಳಿದ್ದೆ. ಯಾರೂ ಕೇಳಲಿಲ್ಲ, ಎಲ್ಲರಿಗೂ ತಾವೇ ಮೊದಲಾಗುವ ಆಸೆ.

ರಾಯರು ಕೈಮುಗಿದು ನಿಂತುಬಿಟ್ಟರು. “ಏನ್ ಮೇಷ್ಟ್ರೇ ಇದು! ನಾನು ಹುಟ್ಟಿದಾಗಿಂದ ಇಂಥ ಶಕುನ ನೋಡಿಲ್ಲ.”

“ಅದಕ್ಕೇ ನಡೀರಿ ರಾಯರೇ, ಹೊರಡೋಣ” ಎಂದೆ.

“ಹುಚ್ಚಾ ನಿಮಗೆ? ಇಂಥ ಶಕುನಾನ ಯಾರಾದ್ರೂ ವಾಕಿಂಗಿಗೆ ಖರ್ಚು ಮಾಡ್ತಾರಾ?” ಎಂದವರೇ ಒಳಗೆ ಓಡಿದರು. ಅವರು ಓಡಿದ್ದನ್ನು ನೋಡಿದ್ದು ಅದೇ ಮೊದಲು. ಜರಿಪೇಟ ಸುತ್ತಿಕೊಂಡು, ಹೆಂಡತಿಯನ್ನು ಹೊರಡಿಸಿಕೊಂಡು, ಜಟಕಾ ಹತ್ತಿ ಮಲ್ಲೇಶ್ವರಕ್ಕೆ ಹೋದರು. ಮಗಳಿಗೆ ಅಲ್ಲೊಂದು ಗಂಡು ನೋಡಿ, ಮಾತು ಮುಂದುವರಿಯದೆ ಹಾಗೇ ನಿಂತಿತ್ತು. ಸಂಜೆಯ ಹೊತ್ತಿಗೆ ಎಲ್ಲ ಕುದುರಿ, ವೈಶಾಖದಲ್ಲಿ ಮದುವೆ ಎಂದು ನಿಶ್ಚಯವಾಯಿತು.

ರಾಯರ ಹೆಂಡತಿ ಸಕ್ಕರೆ ಹಂಚಲು ನಮ್ಮ ಮನೆಗೆ ಬಂದರು. ನಗುತ್ತಲೇ ಬಂದವರು ಕೂತ ಮೇಲೆ ಸೆರಗಿನಿಂದ ಕಣ್ಣೊತ್ತಿಕೊಂಡರು. “ಮದುವೆ ಗೊತ್ತಾಯ್ತು ಮೇಷ್ಟ್ರೇ. ಆದ್ರೆ ನನ್ನ ಧಾರೆ ನಮ್ಮ ಸೋದರಮಾವ ಎರೆದಿದ್ದು. ಅಪ್ಪ ಅಷ್ಟೊತ್ತಿಗೆ ಇರ್ಲಿಲ್ಲ. ನನ್ನ ಮಗಳಿಗೆ ಹಾಗಾಗ್ಬಾರ್ದು. ಅವಳ ಅಪ್ಪ ನಿಂತು ಧಾರೆ ಎರೀಬೇಕು. ಏನಾದ್ರೂ ಮಾಡಿ ಇವರನ್ನ ನಡೆಸಿ.” ಆಗಲಿ ತಾಯಿ ಎಂದೆ. ಹೇಗೆ ಎನ್ನುವುದು ನನಗೂ ಗೊತ್ತಿರಲಿಲ್ಲ.

ಅವರು ಹೋದ ಮೇಲೆ ನಮ್ಮನೆಯವಳು ಖಾಲಿ ಕೊಡವನ್ನು ಬೋರಲು ಹಾಕುತ್ತಾ ಹೇಳಿದಳು: “ತುಂಬಿದ ಕೊಡಕ್ಕೆ ಮದುವೇನೇ ಆಗುತ್ತೆ. ವಾಕಿಂಗಿಗೆ ಅರ್ಧ ಕೊಡ ಸಾಕು ಕಣ್ರೀ.”

ನಾಲ್ಕನೆಯವರು

ಒಬ್ಬರೇ ನಡೆದರೆ ಜನ ಏನೆನ್ನುತ್ತಾರೆ ಎಂದು ರಾಯರು ತಕರಾರು ತೆಗೆದರು. ಜೊತೆಗೆ ನಾನಿದ್ದೇನಲ್ಲ ಎಂದರೆ, ನೀವು ಡ್ರಿಲ್ ಮೇಷ್ಟ್ರು, ನಿಮ್ಮ ಜೊತೆ ಹೋದರೆ ನನ್ನನ್ನು ಫೇಲಾದ ಹುಡುಗ ಅಂದುಕೊಳ್ಳುತ್ತಾರೆ ಎಂದರು. ಸರಿ, ಕಂಡಕ್ಟರು ನಾನೂ ಬರುತ್ತೇನೆ ಎಂದರು. ಆಗ ಇನ್ನೊಂದು ತೊಡಕು. ಮೂರು ಜನ ಒಟ್ಟಿಗೆ ಹೊರಡಬಾರದು, ಕೆಲಸ ಕೆಡುತ್ತದೆ. ಹಾಗಾಗಿ ನಾಲ್ಕನೆಯವರಾಗಿ ಟೈಲರನ್ನು ಹಿಡಿದು ತಂದೆವು. ದಾವಣಗೆರೆ ಕಡೆಯವರು, ರಾಯರಿಗಿಂತ ಒಂದು ಸುತ್ತು ದಪ್ಪ. ಮಷೀನು ತುಳಿಯುವುದೇ ಸಾಕಷ್ಟು ನಡಿಗೆ ಎಂದು ತಿಳಿದಿದ್ದವರು.

ನನಗೆ ಈ ಮೂರರ ಶಾಸ್ತ್ರದ ಬೆಲೆ ತಿಳಿದದ್ದು ಆಮೇಲೆ. ನಾಲ್ವರಲ್ಲಿ ಯಾರೊಬ್ಬರು ಎದ್ದು ಬರದಿದ್ದರೂ ಉಳಿಯುವುದು ಮೂವರು. ಮೂವರಾದರೆ ಯಾರೂ ಹೊರಡುವಂತಿಲ್ಲ. ಹಾಗಾಗಿ ಬರದವರ ಜಗುಲಿಯಲ್ಲಿ ಉಳಿದ ಮೂವರೂ ಹೋಗಿ ಕೂರುವುದು ರೂಢಿಯಾಯಿತು. ಕೂತವರಿಗೆ ಆ ಮನೆಯ ಹೆಂಗಸು ಕಾಫಿ ಕೊಡದೆ ಇರುವುದು ಹೇಗೆ? ಕಾಫಿಪುಡಿಯ ಡಬ್ಬ ತಳ ಕಾಣತೊಡಗಿದ ಮೇಲೆ ಹೆಂಡತಿಯರೇ ಗಂಡಂದಿರ ಹೊದಿಕೆ ಎಳೆದು ಬೀದಿಗೆ ನೂಕುತ್ತಿದ್ದರು. ತನಗಾಗಿ ಏಳದ ಮನುಷ್ಯ, ಬಾಗಿಲಲ್ಲಿ ಇನ್ನೊಬ್ಬ ಕೂತಿದ್ದಾನೆ ಎಂದರೆ ಏಳುತ್ತಾನೆ. ನನ್ನ ಹುಳಕ್ಕೆ ಅರ್ಧ ಉತ್ತರ ಅಲ್ಲಿ ಸಿಕ್ಕಿತು.

ಒಂದು ದಿನ ಟೈಲರಿಗೆ ನಿಜವಾಗಿ ಜ್ವರ ಬಂತು. ರಾಯರ ಮುಖ ಅರಳಿತು. “ಮೂರಾಯ್ತಲ್ಲ, ಇವತ್ತು ಬಿಟ್ಬಿಡೋಣ.”

ಕಂಡಕ್ಟರು ಬಿಡಲಿಲ್ಲ. “ನಮ್ಮೂರಲ್ಲಿ ಮೂರು ಜನ ಆದ್ರೆ ಒಂದು ಕಲ್ಲು ಎತ್ಕೊಂಡು ಹೋಗ್ತಾರೆ ರಾಯರೇ. ಕಲ್ಲೇ ನಾಲ್ಕನೇ ಆಸಾಮಿ.”

ಇದು ರಾಯರಿಗೂ ಗೊತ್ತಿದ್ದ ಶಾಸ್ತ್ರವೇ. ಬೇರೆ ದಾರಿಯಿಲ್ಲದೆ ಬಗ್ಗಿ, ಗೋಲಿ ಗಾತ್ರದ ಒಂದು ಹರಳು ಆರಿಸಿ ಕೋಟಿನ ಜೇಬಿಗೆ ಹಾಕಿದರು.

“ರಾಯರೇ, ಇದು ಯಾರ ಬದಲಿಗೆ? ನಮ್ಮ ಟೈಲರ ಮೈಕಟ್ಟಿಗೆ ಈ ಹರಳು ಅವಮಾನ ಅಲ್ವೇ?” ಎಂದೆ. ಕಂಡಕ್ಟರು ಆಗಲೇ ಕಾಂಪೌಂಡಿಗೆಂದು ತರಿಸಿಟ್ಟ ಕಲ್ಲುಗಳಲ್ಲಿ ಒಂದನ್ನು ಆರಿಸಿ ಎರಡೂ ಕೈಯಿಂದ ಎತ್ತಿ ತಂದಿದ್ದರು. ರಾಯರು ಮರ್ಯಾದಸ್ಥರು, ಟೈಲರಿಗೆ ಅವಮಾನವಾಗುವುದನ್ನು ಒಪ್ಪಲಿಲ್ಲ. ಆ ಕಲ್ಲನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಬದಲಾಯಿಸುತ್ತಾ ಹೊಲದಾಚೆಯ ಹುಣಸೆಮರದವರೆಗೆ ಹೋಗಿ ವಾಪಸು ಬಂದರು. ಡಾಕ್ಟರು ಕೇಳಿದ ಬೆವರು ಅವತ್ತು ಕೋಟಿನ ಹೊರಗೂ ಬಂತು.

ಮರುದಿನ ಗಿರಣಿಯ ಸಿಳ್ಳೆಗೂ ಮೊದಲೇ ಯಾರೋ ಬಾಗಿಲು ಬಡಿಯುವ ಸದ್ದು. ಹೊರಗೆ ಬಂದು ನೋಡಿದರೆ ರಾಯರು, ಟೈಲರ ಬಾಗಿಲಲ್ಲಿ. ಟೈಲರು ಕಂಬಳಿ ಹೊದ್ದು ಬಂದು, “ಜ್ವರ ಇನ್ನಾ ಪೂರಾ ಬಿಟ್ಟಿಲ್ರೀ ರಾಯರೇ” ಎಂದರು.

“ಬಿಡ್ದಿದ್ರೆ ಬೇಡ, ಕಂಬಳಿ ಹೊದ್ಕೊಂಡೇ ಬನ್ನಿ. ನಿಮ್ಮನ್ನ ಹೊತ್ಕೊಂಡು ಹೋಗೋದಕ್ಕಿಂತ ನಡೆಸ್ಕೊಂಡು ಹೋಗೋದು ವಾಸಿ!”

ಕೆಂಗೇರಿಯ ಮನೆ

ಹೀಗೆ ರಾಯರಿಗೆ ನಡಿಗೆ ರೂಢಿಯಾಯಿತು. ಸಂಕ್ರಾಂತಿ ಕಳೆದ ಮೇಲೆ ಡಾಕ್ಟರು ಮತ್ತೆ ಕೊಳವೆ ಕಾಯಿಸಿದರು. ಹಸಿರಿಗೆ ಬಂದು ನಿಂತಿತು. “ಪರವಾಗಿಲ್ಲ, ಆದ್ರೆ ನೀಲಿಯಾಗೇ ಉಳೀಬೇಕು. ಇನ್ನೂ ಸ್ವಲ್ಪ ದೂರ ನಡೀಬೇಕು” ಎಂದರು. ರಾಯರು ಹುಣಸೆಮರ ದಾಟಿ ಒಂದು ಮಾರು ಹೋಗಲು ಒಪ್ಪಲಿಲ್ಲ. ರಾಯರ ಹೆಂಡತಿಗೆ ಮತ್ತೆ ನಿದ್ದೆ ಬಾರದಾಯಿತು.

ಒಂದು ಬೆಳಿಗ್ಗೆ ನಡಿಗೆ ಮುಗಿಸಿ ಬೀದಿಯ ಮೂಲೆಗೆ ಬಂದಿದ್ದೆವು. ಬೆಕ್ಕು ಅಡ್ಡ ಹೋಯಿತು. ನಮಗೆ ಅದರ ಗೊಡವೆಯಿರಲಿಲ್ಲ, ಮನೆ ಹತ್ತಿರ ಬಂದಿತ್ತು. ರಾಯರು ಮಾತ್ರ ನಿಂತರು. “ನೀವು ಹೋಗಿ. ನಾನು ಇನ್ನೊಂದು ಸುತ್ತು ಹಾಕ್ಕೊಂಡು ಬರ್ತೀನಿ.”

“ವಾಪಸು ಬರೋದಕ್ಕೂ ಶಕುನವೇ ರಾಯರೇ?”

“ಮನೆಗೆ ಹೋಗೋದೂ ಹೊರಡೋದೇ ತಾನೇ?” ಎಂದು ಹುಣಸೆಮರದ ಕಡೆ ತಿರುಗಿದರು.

ನಾನು ಓಡುತ್ತ ಮನೆಗೆ ಬಂದೆ. ನಮ್ಮನೆಯವಳಿಗೆ ಹೇಳಿದೆ. ಅವಳು ನಲ್ಲಿಗೆ ಹೇಳಿದಳು. ಅಲ್ಲಿಯವರೆಗೆ ಒಳ್ಳೆಯ ಶಕುನ ಒದಗಿಸುತ್ತಿದ್ದ ಬೀದಿ, ಅವತ್ತಿನಿಂದ ರಾಯರು ಹಿಂದಿರುಗುವ ಹೊತ್ತಿಗೆ ಅಪಶಕುನ ಒದಗಿಸತೊಡಗಿತು. ದಿನಕ್ಕೊಬ್ಬರ ಸರದಿ. ಒಂದು ಅಪಶಕುನಕ್ಕೆ ಒಂದು ಸುತ್ತು. ಕಂಡಕ್ಟರಿಗೆ ಡ್ಯೂಟಿ, ಟೈಲರಿಗೆ ಅಂಗಡಿ, ನನಗೆ ಸ್ಕೂಲು. ಕೊನೆಯ ಸುತ್ತು ರಾಯರು ಒಬ್ಬರೇ ಹಾಕುತ್ತಿದ್ದರು.

ಎಡವಟ್ಟಾದದ್ದು ಒಂದು ಭಾನುವಾರ. ಯಾರ ಸರದಿ ಎಂದು ಗೊಂದಲವಾಗಿ ಎಲ್ಲರೂ ತಮ್ಮದೇ ಎಂದುಕೊಂಡರು. ರಾಯರು ಬೀದಿಯ ಈ ತುದಿಯಿಂದ ಬಂದರೆ ಕಂಡಕ್ಟರ ಹೆಂಡತಿ ಖಾಲಿ ಕೊಡ ಹಿಡಿದು ಎದುರಾದರು. ರಾಯರು ಸುತ್ತು ಹಾಕಿ ಆ ತುದಿಯಿಂದ ಬಂದರು. ಟೈಲರ ಹೆಂಡತಿ ನಶ್ಯ ಏರಿಸಿಕೊಂಡು ಕಾದಿದ್ದರು. ಒಂದೇ ಒಂದು ಸೀನು, ಬೀದಿ ಅದುರುವ ಹಾಗೆ. ಮತ್ತೆ ಸುತ್ತು ಹಾಕಿ ಹಿತ್ತಲಿನ ಸಂದಿಯಿಂದ ಬಂದರು. ಅಲ್ಲಿ ಗೌಡ. ತಿಂಗಳುಗಟ್ಟಲೆ ಬಾಯಿ ಬಿಗಿಹಿಡಿದಿದ್ದವನಿಗೆ ಅವತ್ತು ಹಬ್ಬ. “ಎತ್ಲಾಗ್ ಹೊಂಟ್ರಿ ಸ್ವಾಮೀ!” ಎಂದು ಕೂಗಿದ.

ರಾಯರು ತಮ್ಮ ಮನೆಯನ್ನೊಮ್ಮೆ ನೋಡಿದರು. ಆಕಾಶವನ್ನೊಮ್ಮೆ ನೋಡಿದರು. ತಿರುಗಿ ಹೊಲದ ಕಡೆ ಹೊರಟುಹೋದರು. ನಾವೆಲ್ಲ ಕಿಟಕಿಗಳ ಹಿಂದೆ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ತಿಂಡಿಯ ಹೊತ್ತಾಯಿತು, ಬರಲಿಲ್ಲ. ಊಟದ ಹೊತ್ತಾಯಿತು, ಬರಲಿಲ್ಲ. ನಗು ನಿಂತಿತು. ನಾನೂ ಕಂಡಕ್ಟರೂ ಸೈಕಲ್ ಹತ್ತಿ ಮಾಗಡಿ ರಸ್ತೆಯುದ್ದಕ್ಕೂ ಹುಡುಕಿದೆವು. ಕೆರೆ ಏರಿಯ ಮೇಲೆ ನಿಂತು ನೀರಿನ ಕಡೆಯೂ ನೋಡಿದೆವು. ವಾಪಸು ಬಂದರೆ ರಾಯರ ಹೆಂಡತಿ ಜಗುಲಿಯಲ್ಲಿ ಕೂತಿದ್ದರು. “ಹಸಿದ ಹೊಟ್ಟೇಲಿ ಹೋಗಿದಾರೆ ಮೇಷ್ಟ್ರೇ. ಎಲ್ಲಾದ್ರೂ ತಲೆಸುತ್ತಿ ಬಿದ್ದಿದ್ರೆ? ಉಳಿಸ್ಕೊಳ್ಳೋಕೆ ಹೋಗಿ ನಾವೇ ಕಳ್ಕೊಂಡ್ವಾ?” ಎಂದರು.

ಮೂರು ಗಂಟೆಯ ಬಿಸಿಲಿನಲ್ಲಿ ಒಂದು ಜಟಕಾ ಬಂದು ನಿಂತಿತು. ರಾಯರು ಇಳಿದರು. ಮುಖ ಕೆಂಪಗೆ, ಲವಲವಿಕೆಯಿಂದ ಇದ್ದರು. “ಕೆಂಗೇರಿಗೆ ಹೋಗಿದ್ದೆ.”

“ಕೆಂಗೇರಿಗಾ! ನಡ್ಕೊಂಡಾ?”

“ಹೋಗ್ತಾ ನಡ್ಕೊಂಡು, ಬರ್ತಾ ರೈಲು. ದಾರೀಲಿ ಮಂಡಕ್ಕಿ ಕಡ್ಲೆ ತಿಂದೆ. ಒಂದು ವಿಷ್ಯ ಹೇಳ್ತೀನಿ ಕೇಳೇ” ಎಂದು ಹೆಂಡತಿಯ ಕಡೆ ತಿರುಗಿದರು. “ಮೈಸೂರು ರಸ್ತೆ ಉದ್ದಕ್ಕೂ, ಕೆಂಗೇರಿವರೆಗೂ, ಒಂದೇ ಒಂದು ಅಪಶಕುನ ಇಲ್ಲ. ಬೆಕ್ಕಿಲ್ಲ, ಸೀನಿಲ್ಲ, ಯಾರೂ ಎಲ್ಲಿಗೆ ಅಂತ ಕೇಳಲ್ಲ. ಕೆಟ್ಟಿರೋದು ಈ ಬೀದಿ ಮಾತ್ರ ಕಣೇ. ಕೆಂಗೇರೀಲಿ ಸ್ಟೇಷನ್ ಹತ್ರ ಒಂದು ಬಾಡಿಗೆ ಮನೆ ನೋಡಿ ಮಾತಾಡ್ಕೊಂಡೇ ಬಂದಿದೀನಿ. ಬರೋ ಒಂದನೇ ತಾರೀಖು ಸಾಮಾನು ಸಾಗಿಸೋಣ.”

ಇನ್ನು ಮುಚ್ಚಿಡುವುದು ಸಾಧ್ಯವಿರಲಿಲ್ಲ. ನಮ್ಮನೆಯವಳೇ ಮುಂದೆ ಬಂದು ಎಲ್ಲವನ್ನೂ ಹೇಳಿದಳು. ಖಾಲಿ ಕೊಡ, ನಶ್ಯ, ಸರದಿ. ರಾಯರು ಜಗುಲಿಯ ಮೇಲೆ ಕೂತು ಕೇಳಿದರು. ಆಮೇಲೆ ನಿಧಾನವಾಗಿ ಕೇಳಿದರು: “ಅಂದ್ರೆ, ಅವತ್ತಿನ ಒಳ್ಳೇ ಶಕುನಾನೂ ನೀವೇ ಮಾಡಿದ್ದಾ? ನಾನು ಮಲ್ಲೇಶ್ವರಕ್ಕೆ ಹೋಗಿದ್ದು, ಮಗಳ ಮದುವೆ ಗೊತ್ತು ಮಾಡಿದ್ದು, ಎಲ್ಲ ಸುಳ್ಳು ಶಕುನದ ಮೇಲಾ?”

ರಾಯರ ಹೆಂಡತಿಯ ಮುಖ ಬಿಳಿಚಿಕೊಂಡಿತು. ಮಗಳು ಬಾಗಿಲ ಹಿಂದೆ ಸರಿದಳು. ಸುಳ್ಳು ಶಕುನದ ಸಂಬಂಧ ಬೇಡ ಎಂದು ರಾಯರು ಒಂದು ಮಾತು ಅಂದರೆ ಮುಗಿಯಿತು.

ನಮ್ಮನೆಯವಳು ಮಾತ್ರ ಅಳುಕಲಿಲ್ಲ. “ಸುಳ್ಳು ಹೇಗಾಗುತ್ತೆ ರಾಯರೇ? ನಾನೇನು ಸುಳ್ಳು ಮುತ್ತೈದೆನಾ? ಹಸು ಸುಳ್ಳಾ, ಕರು ಸುಳ್ಳಾ? ಕೊಡದಲ್ಲಿ ನೀರು ನಿಜವಾಗ್ಲೂ ತುಂಬಿತ್ತು.”

ರಾಯರು ಕಣ್ಣು ಮುಚ್ಚಿ ಯೋಚಿಸಿದರು. ಕಣ್ಣು ತೆರೆದು ಕೇಳಿದರು: “ಕಂಠದವರೆಗೂ ತುಂಬಿತ್ತಾ?”

“ತುಳುಕ್ತಿತ್ತು.”

“ಹಾಗಾದ್ರೆ ಸರಿ, ಊಟ ಬಡಿಸು” ಎಂದು ಹೆಂಡತಿಗೆ ಹೇಳಿ ರಾಯರು ಒಳಗೆ ಹೋದರು.

ಕಾಶಿಯಾತ್ರೆ

ಕೆಂಗೇರಿಯ ಮನೆಯ ಮಾತು ಅಲ್ಲಿಗೇ ನಿಂತಿತು. ಆಮೇಲೆ ಯಾರೂ ಶಕುನ ಒದಗಿಸಬೇಕಾಗಲಿಲ್ಲ. ಕೆಂಗೇರಿಯವರೆಗೆ ನಡೆದ ಕಾಲಿಗೆ ಹುಣಸೆಮರ ಸಾಲದಾಯಿತು. ರಾಯರು ತಾವೇ ಎದ್ದು ನಮ್ಮ ಮೂವರ ಬಾಗಿಲು ಬಡಿಯುತ್ತಿದ್ದರು. ಮದುವೆಗೆ ಮೊದಲು ಡಾಕ್ಟರು ಕೊಳವೆ ಕಾಯಿಸಿದಾಗ ಅದು ನೀಲಿಯಾಗಿಯೇ ಉಳಿಯಿತು. ರಾಯರ ಹೆಂಡತಿ ಆ ಕೊಳವೆಗೇ ಕೈಮುಗಿದರಂತೆ.

ವೈಶಾಖ ಬಂತು, ರಾಯರ ಮನೆಯ ಮುಂದೆಯೇ ಬೀದಿಗೆ ಅಡ್ಡವಾಗಿ ಮದುವೆಯ ಚಪ್ಪರ. ಬೆಳಿಗ್ಗೆ ಮುಹೂರ್ತಕ್ಕೆ ಮುಂಚೆ ಕಾಶಿಯಾತ್ರೆಯ ಶಾಸ್ತ್ರ. ಗಂಡು ಸಂಸಾರ ಬೇಡವೆಂದು ಪಂಚೆಯುಟ್ಟು, ಕೊಡೆ ಬಿಚ್ಚಿ, ಕೋಲು ಹಿಡಿದು ಕಾಶಿಗೆ ಹೊರಡುತ್ತಾನೆ. ಹೆಣ್ಣಿನ ತಂದೆ ಹಿಂದೆ ಹೋಗಿ, ‘ಕಾಶಿಗೆ ಹೋಗಬೇಡಿ, ನನ್ನ ಮಗಳನ್ನು ಕೊಡುತ್ತೇನೆ’ ಎಂದು ತಡೆದು ಕರೆತರಬೇಕು. ನಾಲ್ಕು ಹೆಜ್ಜೆಯ ಕೆಲಸ.

ಗಂಡು ಮೆತ್ತಗಿನ ಹುಡುಗ, ಹೊಸ ಚಪ್ಪಲಿ ಕಚ್ಚುತ್ತಿತ್ತೇನೋ, ನಿಧಾನವಾಗಿ ಹೆಜ್ಜೆ ಹಾಕಿದ. ವಾಲಗ ಶುರುವಾಯಿತು. ರಾಯರು ಹಿಂದೆ ಹೊರಟರು. ಹೊರಟದ್ದು ಅವರು ದಿನಾ ನಡೆಯುವ ಹೊತ್ತಿಗೆ, ದಿನಾ ನಡೆಯುವ ಬೀದಿಯಲ್ಲಿ, ದಿನಾ ನಡೆಯುವ ದಿಕ್ಕಿಗೆ. ಮನಸ್ಸಿನಲ್ಲಿ ಅಡಿಗೆಯವರದೋ ಬೀಗರದೋ ಚಿಂತೆಯಿತ್ತೆಂದು ಕಾಣುತ್ತದೆ. ಕಾಲು ಅದರ ಪಾಡಿಗೆ ಅದು ಬಿರುಸಾಯಿತು. ಗಂಡನ್ನು ಸಮೀಪಿಸಿದರು. ಗಂಡು ತಡೆಯಲಿ ಎಂದು ನಿಂತ. ರಾಯರು ಅವನನ್ನು ದಾಟಿ ಮುಂದೆ ಹೋದರು.

ವಾಲಗದವರಿಗೆ ಗಲಿಬಿಲಿ. ಮೆರವಣಿಗೆ ಇರುವುದು ನಿಂತವನ ಹತ್ತಿರವೋ ನಡೆಯುವವರ ಹತ್ತಿರವೋ? ನಡೆಯುವವರ ಹಿಂದೆ ಹೋಗುವುದೇ ಅವರ ಕಸುಬು. ಊದುತ್ತಾ ಬಾರಿಸುತ್ತಾ ರಾಯರ ಹಿಂದೆ ಓಡಿದರು. ಹಿಂದೆ ವಾಲಗ ಜೋರಾದಂತೆ ರಾಯರ ನಡಿಗೆಯೂ ಜೋರಾಯಿತು. ಜರಿಪೇಟ ಮಾತ್ರ ಬೀದಿಯ ತುದಿಯಲ್ಲಿ ಮಿರಮಿರ ಮಿಂಚುತ್ತಿತ್ತು.

ನಾನು ಕೂಗಿ ಕರೆಯಲು ಹೊರಟೆ. ಪಕ್ಕದಲ್ಲಿ ರಾಯರ ಹೆಂಡತಿ ಕಳಶ ಹಿಡಿದು ನಿಂತಿದ್ದರು. ಕಣ್ಣು ತುಂಬಿ ಕೆನ್ನೆಯ ಮೇಲೆ ಇಳಿಯುತ್ತಿತ್ತು, ತುಟಿ ನಗುತ್ತಿತ್ತು. “ಒಂದು ನಿಮಿಷ ಕೂಗ್ಬೇಡಿ ಮೇಷ್ಟ್ರೇ. ಎಷ್ಟು ಚೆನ್ನಾಗಿ ನಡೀತಾರೆ ನೋಡಿ” ಎಂದರು. ಇಬ್ಬರೂ ನಿಂತು ನೋಡಿದೆವು.

ಪುರೋಹಿತರಿಗೆ ಅಷ್ಟು ಪುರುಸೊತ್ತಿರಲಿಲ್ಲ. “ಮುಹೂರ್ತ ಮೀರುತ್ತೆ! ಧಾರೆ ಎರೆಯೋರನ್ನ ಯಾರಾದ್ರೂ ಹಿಡ್ಕೊಂಡು ಬನ್ನಿ!” ಎಂದು ಅರಚಿದರು.

ಎಲ್ಲರಿಗಿಂತ ಹತ್ತಿರವಿದ್ದವನು ಗಂಡು. ಪಾಪ, ಕೋಲು ಎಸೆದ, ಪಂಚೆ ಎತ್ತಿಕಟ್ಟಿದ, ಬಿಚ್ಚಿದ ಕೊಡೆ ಹಿಡಿದುಕೊಂಡೇ ಮಾವನ ಹಿಂದೆ ಓಡಿದ. ಅವನ ಕೂಗು ರಾಗಿ ಹೊಲದವರೆಗೂ ಕೇಳಿಸಿತು:

“ಮಾವಾ, ನಿಂತ್ಕೊಳ್ಳಿ! ಕಾಶಿಗೆ ಹೋಗ್ಬೇಡಿ! ನಿಮ್ಮ ಮಗಳನ್ನ ನಾನು ಮದುವೆ ಆಗ್ತೀನಿ!”